ಅಟ್ಟದ ಮೇಲಿನ ಪರಿಗ್ರಹ



ಪ್ರತಿಷ್ಠಾ ಮಹೋತ್ಸವದ ದಿನಗಳು ಸಮೀಪಿಸಿದಂತೆ ಊರಿನ ಶ್ರಾವಕರ ಮನೆಗಳೆಲ್ಲ ಸುಣ್ಣಬಣ್ಣಗಳನ್ನು ಕಾಣುತ್ತವೆ. ನೆಂಟರಿಷ್ಟರು ಬರುವರೆಂದು ಕೋಣೆಗಳನ್ನು ತೆರವುಗೊಳಿಸುವರು. ಆಗ ಅಟ್ಟದಿಂದ ಕೆಳಗಿಳಿಯುವ ವಸ್ತುಗಳನ್ನು ಕಂಡು ಮನೆಯವರಿಗೇ ಆಶ್ಚರ್ಯವಾಗುವುದುಂಟು. ಒಮ್ಮೆಯೂ ಒಲೆಯನ್ನು ಕಾಣದ ಉಡುಗೊರೆಯ ಪಾತ್ರೆಗಳು, ಮಕ್ಕಳಿಗೆ ಚಿಕ್ಕವಾದ ಅಂಗಿಗಳು, ಮದುವೆಗಳಲ್ಲಿ ಬಂದು ಮಡಿಕೆ ಬಿಚ್ಚದೆ ಉಳಿದ ಸೀರೆಗಳು, ಕಂಬಳಿಗಳು, ಓದಿ ಮುಗಿಸಿದ ಪಾಠಪುಸ್ತಕಗಳು. ಇವನ್ನೇನು ಮಾಡಬೇಕೆಂಬ ಪ್ರಶ್ನೆ ಸಣ್ಣದಾಗಿ ತೋರುತ್ತದೆ. ಆದರೆ ಶ್ರಾವಕಾಚಾರದ ಎರಡು ಮುಖ್ಯ ವಿಷಯಗಳಾದ ಪರಿಗ್ರಹಪರಿಮಾಣವೂ ದಾನವೂ ಈ ಪ್ರಶ್ನೆಯಲ್ಲಿ ಬಂದು ಕೂಡುತ್ತವೆ.

ಪರಿಗ್ರಹವೆಂದೊಡನೆ ಭೂಮಿ ಬಂಗಾರಗಳೇ ನೆನಪಿಗೆ ಬರುವುದು ಸಹಜ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯಗಳ ಜೊತೆಗೆ ‘ಕುಪ್ಯ’ವನ್ನೂ ಸೇರಿಸಿದ್ದಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಹತ್ತಿ ರೇಷ್ಮೆಗಳ ವಸ್ತ್ರ ಮೊದಲಾದುವನ್ನು ಕುಪ್ಯವೆಂದು ವಿವರಿಸುತ್ತದೆ. ಎಂದರೆ ಬೀರುವಿನಲ್ಲಿರುವ ಸೀರೆಗಳ ಎಣಿಕೆಯೂ ವ್ರತದ ಲೆಕ್ಕಕ್ಕೆ ಸೇರಿದ್ದೇ ಆಯಿತು.

ಹಿಂದಿನ ಗೃಹಿಣಿಯರು ಈ ಲೆಕ್ಕವನ್ನು ಬಾಳಿನಲ್ಲಿಯೇ ಇರಿಸಿಕೊಂಡಿದ್ದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳು ಪದರಪದರವಾಗಿ ಕೂಡಿ ಕೌದಿಯಾಗುತ್ತಿದ್ದವು. ಕೌದಿ ಸವೆದರೆ ತೊಟ್ಟಿಲ ಹಾಸಿಗೆಯಾಗಿ, ಕಡೆಗೆ ನೆಲ ಒರೆಸುವ ಅರಿವೆಯಾಗಿ ತೀರುತ್ತಿತ್ತು. ಇಂದು ಬಟ್ಟೆ ಅಗ್ಗವಾಗಿದೆ. ಸವೆಯುವುದಕ್ಕೆ ಮೊದಲೇ ಬೇಡವಾಗುತ್ತದೆ. ಆದುದರಿಂದಲೇ ಸೇವಾಸಂಸ್ಥೆಗಳು ಮನೆಮನೆಯಿಂದ ಬಳಸಿದ ವಸ್ತುಗಳನ್ನು ಸಂಗ್ರಹಿಸುವ ಕಾರ್ಯವನ್ನು ಕೈಕೊಂಡಿವೆ. ಅದಕ್ಕೆ ಕೈಜೋಡಿಸುವುದು ಶ್ಲಾಘ್ಯವೇ ಸರಿ. ಆದರೆ ಮನೆ ತೆರವಾದ ಮಾತ್ರಕ್ಕೆ ದಾನವಾಯಿತೆಂದು ತಿಳಿಯಲಾಗದು.

2004ರ ಡಿಸೆಂಬರ್ 26ರ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಯಲ್ಲಿ ನಡೆದುದು ಇದಕ್ಕೆ ಸಾಕ್ಷಿ. ದೇಶದ ನಾನಾ ಭಾಗಗಳಿಂದ ಬಟ್ಟೆಯ ಮೂಟೆಗಳು ಹರಿದುಬಂದವು. ಕಳುಹಿದವರ ಮನಸ್ಸು ಒಳ್ಳೆಯದೇ. ಆದರೆ ಹರಿದುವು, ಕೊಳೆಯಾದುವು, ಆ ಪ್ರಾಂತದವರು ಉಡದ ಬಗೆಯವು ಅವುಗಳಲ್ಲಿ ಎಷ್ಟೋ ಇದ್ದವು. ಮನೆಮಠ ಕಳೆದುಕೊಂಡ ಜನರ ಕಣ್ಣೆದುರಿಗೇ ಅವು ರಸ್ತೆಯ ಬದಿಯಲ್ಲಿ ರಾಶಿಬಿದ್ದವು. ಎಲ್ಲವನ್ನೂ ಕಳೆದುಕೊಂಡವನ ಮಾನ ಮಾತ್ರ ಉಳಿದಿರುತ್ತದೆ. ಕೊಳೆಯಾದ ಬಟ್ಟೆಯನ್ನು ಅವನ ಮುಂದೆ ಒಡ್ಡಿದರೆ ಆ ಮಾನಕ್ಕೂ ಪೆಟ್ಟು ಬೀಳುತ್ತದೆ.

ಆ ರಾಶಿಗಳನ್ನು ವಿಂಗಡಿಸಿ ಉಪಯೋಗಕ್ಕೆ ತರುವ ಹೊಣೆಯನ್ನು ಹೊತ್ತವರಲ್ಲಿ ಗೂಂಜ್ ಎಂಬ ಸಂಸ್ಥೆ ಪ್ರಮುಖವಾದುದು. ಅಂಶು ಗುಪ್ತಾ ಅವರು 1999ರಲ್ಲಿ ದೆಹಲಿಯಲ್ಲಿ ತಮ್ಮ ಮನೆಯ 67 ಉಡುಪುಗಳಿಂದ ಇದನ್ನು ಆರಂಭಿಸಿದರು. ಗ್ರಾಮದ ಜನರು ಕೂಡಿ ಬಾವಿಯನ್ನು ತೋಡಿದರೆ, ದಾರಿಯನ್ನು ಸರಿಪಡಿಸಿದರೆ, ಆ ದುಡಿಮೆಗೆ ಗೌರವವಾಗಿ ಬಟ್ಟೆಬರೆಗಳು ಸಲ್ಲುತ್ತವೆ. ಉಡಲಾಗದ ಹತ್ತಿಬಟ್ಟೆಯನ್ನು ತೊಳೆದು ಶುಚಿಗೊಳಿಸಿ, ಹೆಣ್ಣುಮಕ್ಕಳ ಋತುಕಾಲಕ್ಕೆ ಬೇಕಾಗುವ ಬಟ್ಟೆಯನ್ನಾಗಿ ಸಿದ್ಧಪಡಿಸುತ್ತಾರೆ. ಈ ಸೇವೆಗಾಗಿ ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಪಡೆಯುವವನು ಕೈಚಾಚಿ ನಿಲ್ಲುವ ಪ್ರಸಂಗವೇ ಬಾರದಂತೆ ಮಾಡಿದುದು ಈ ಕಾರ್ಯದ ಹಿರಿಮೆ.

ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಹೆಚ್ಚುಕಡಿಮೆಯಾಗುವುದೆಂಬುದು ಉಮಾಸ್ವಾಮಿಗಳ ಮತ. ಮುನಿಗಳಿಗೆ ಆಹಾರ ನೀಡುವಾಗ ಈ ನಾಲ್ಕನ್ನೂ ಎಚ್ಚರದಿಂದ ನೋಡುವ ಶ್ರಾವಕನು ಹಳೆಯ ಬಟ್ಟೆಯನ್ನು ಕೊಡುವಾಗ ಮರೆಯುವುದು ತರವಲ್ಲ.

ಮೊದಲು ದ್ರವ್ಯ. ಬಟ್ಟೆಯನ್ನು ಒಗೆದು, ಬಿಸಿಲಿಗೆ ಒಣಗಿಸಿ, ಕಳಚಿದ ಗುಂಡಿಯನ್ನು ಹೊಲಿದು ಕೊಡಬೇಕು. ಪಾದರಕ್ಷೆಗಳನ್ನು ಜೋಡಿಯಾಗಿ ಕಟ್ಟಬೇಕು. ಪಾತ್ರೆಯೊಡನೆ ಅದರ ಮುಚ್ಚಳವಿರಬೇಕು. ಅವಧಿ ಮೀರಿದ ಔಷಧವು ಔಷಧದಾನವಾಗದು; ಪಠ್ಯಕ್ರಮ ಬದಲಾದ ಪುಸ್ತಕ ವಿದ್ಯಾರ್ಥಿಗೆ ಹೊರೆಯೇ. ಉಡಲಾಗದ ಉಣ್ಣೆಬಟ್ಟೆಗೂ ಗತಿಯುಂಟು: ಹರಿಯಾಣದ ಪಾಣಿಪತ್ತಿನ ಗಿರಣಿಗಳು ಅಂತಹುದನ್ನು ಚಿಂದಿಮಾಡಿ ಮರಳಿ ನೂಲು ತೆಗೆದು ಕಂಬಳಿ ನೇಯುತ್ತವೆ. ಆದುದರಿಂದ ಚಿಂದಿಯನ್ನು ಉಡುವ ಬಟ್ಟೆಯೊಡನೆ ಬೆರೆಸದೆ ಬೇರೆಯಾಗಿ ಕಟ್ಟಬೇಕು. ಕೆಟ್ಟ ರೇಡಿಯೊ, ಮೊಬೈಲುಗಳು ಈ ಮೂಟೆಗೆ ಸೇರತಕ್ಕವಲ್ಲ. ಅವುಗಳಲ್ಲಿ ಸೀಸವೇ ಮೊದಲಾದ ವಿಷವಸ್ತುಗಳಿರುವುದರಿಂದ ಅಧಿಕೃತ ವಿಲೇವಾರಿ ಕೇಂದ್ರಕ್ಕೇ ಒಪ್ಪಿಸಬೇಕು.

ವಿಧಿಯೆಂದರೆ ಕಾಲವನ್ನರಿತು ಕೊಡುವುದು. ವರ್ಷಗಟ್ಟಲೆ ಮುಟ್ಟದ ಗಂಟಿನಲ್ಲಿ ತೇವ ಸೇರಿ ಜೀವೋತ್ಪತ್ತಿಯಾಗುತ್ತದೆ. ಆಮೇಲೆ ಕೊಡವಿದರೆ ಹಿಂಸೆ ತಪ್ಪದು. ಮಳೆಗಾಲಕ್ಕೆ ಮುನ್ನ ಅಟ್ಟವನ್ನು ನೋಡಿಕೊಂಡರೆ ವಸ್ತುವೂ ಉಳಿಯಿತು, ಅಹಿಂಸೆಯೂ ಉಳಿಯಿತು. ಪಾತ್ರವೆಂದರೆ ಪಡೆಯುವವನ ಅಗತ್ಯ. ಅದನ್ನು ಕೇಳಿ ತಿಳಿದ ಮೇಲೆ ಗಂಟು ಕಟ್ಟಬೇಕೇ ಹೊರತು, ಗಂಟು ಕಟ್ಟಿ ಪಾತ್ರವನ್ನು ಹುಡುಕಬಾರದು.

ಕಡೆಯದಾಗಿ ದಾತೃ. ನಾಲ್ಕು ಸೀರೆಗಳನ್ನು ಕೊಟ್ಟು, ಬೀರುವಿನಲ್ಲಿ ಎಡೆಯಾಯಿತೆಂದು ಆರನ್ನು ಕೊಂಡರೆ ಪರಿಗ್ರಹವು ಬೆಳೆಯಿತೇ ಹೊರತು ಕುಗ್ಗಲಿಲ್ಲ. ಬೇಡವಾದುದನ್ನು ಕೊಡುವುದು ತ್ಯಾಗದ ಮೊದಲ ಮೆಟ್ಟಿಲು ಮಾತ್ರ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. 1007ರಲ್ಲಿ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ತನಗೆ ಬೇಡವಾಗಲೆಂದು ಆಕೆ ಕಾಯಲಿಲ್ಲ. ಇತರರಿಗೆ ಬೇಕಾದುದನ್ನು ಮಾಡಿಸಿ ಕೊಟ್ಟಳು. ಅಟ್ಟದಿಂದ ತೊಡಗಿದ ಶ್ರಾವಕನು ಆ ಎತ್ತರದತ್ತ ಕಣ್ಣಿಟ್ಟಿರಬೇಕು.

ಪಂಚಕಲ್ಯಾಣಗಳಲ್ಲಿ ಮೂರನೆಯದು ದೀಕ್ಷಾಕಲ್ಯಾಣ. ಅಂದು ತೀರ್ಥಂಕರನು ವಸ್ತ್ರಾಭರಣಗಳನ್ನೆಲ್ಲ ತ್ಯಜಿಸಿ ವನಕ್ಕೆ ತೆರಳುವ ಪ್ರಸಂಗವನ್ನು ನೋಡಿ ಕಣ್ಣೀರು ತುಂಬದ ತಾಯಿಯರಿಲ್ಲ. ಆ ದಿನ ಮನೆಗೆ ಮರಳಿದ ಮೇಲೆ ಪ್ರತಿಯೊಂದು ಕುಟುಂಬವೂ ಬೀರುವಿನ ಬಾಗಿಲನ್ನು ಒಮ್ಮೆ ತೆರೆಯಲಿ. ಈ ವರ್ಷ ಉಡದ ಬಟ್ಟೆಯನ್ನು ಎತ್ತಿ, ಒಗೆದು, ಮಡಿಸಿ, ಉಡುವವರಿಗಾಗಿ ಬೇರೆಯಾಗಿ ಇರಿಸಲಿ. ಗರ್ಭಗೃಹದಲ್ಲಿ ನಿಲ್ಲಲಿರುವ ಬಿಂಬದ ಮೇಲೆ ಒಂದು ನೂಲೆಳೆಯೂ ಇಲ್ಲ. ಅದಕ್ಕೆ ಕೈಮುಗಿಯುವವರ ಮನೆಯ ಭಾರ ಒಂದಿಷ್ಟು ಇಳಿದರೆ ಈ ಪ್ರತಿಷ್ಠೆ ಮನೆಮನೆಯಲ್ಲಿಯೂ ನಡೆದಂತಾಗುವುದು.