ಗೋಲ್‌ಕೀಪರನ ಕೈಯಿಂದ ಜಾರಿದ ಚೆಂಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಬ್ಯಾಚಿನವರು ಸೇರಿ ಮೈದಾನದಲ್ಲಿ ಫುಟ್‌ಬಾಲ್ ಗೋಲು ಕಂಬ ನಿಲ್ಲಿಸಿದ್ದೇವೆ. ಹಾಗಾಗಿ ಫುಟ್‌ಬಾಲ್ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ ಎಂದು ಸಮಿತಿಯವರು ಹೇಳಿದರು. ನಮ್ಮ ಕಾಲದಲ್ಲಿ ಇಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್ ಬಿಟ್ಟರೆ ಬೇರೆ ಆಟ ಇರಲಿಲ್ಲ. ಪಿ.ಟಿ. ಮೇಷ್ಟ್ರ ಕೋಣೆಯ ಮೂಲೆಯಲ್ಲಿ ಗಾಳಿ ಹೋದ ಒಂದು ಫುಟ್‌ಬಾಲ್ ಇತ್ತು. ಅದನ್ನು ಯಾರಾದರೂ ಒದ್ದದ್ದನ್ನು ನಾನು ನೋಡಿಲ್ಲ. ಈ ಆಟದ ರುಚಿ ಹತ್ತಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಕೇರಳದ ಹುಡುಗರ ಸಹವಾಸದಿಂದ. ನಾನು ಆಡಿದವನಲ್ಲ, ನೋಡುವವನು. ಆದ್ದರಿಂದ ನೋಡುವವರ ಬಗ್ಗೆಯೇ ಮಾತಾಡುತ್ತೇನೆ. ಆಟಗಾರನೊಬ್ಬ ದೊಡ್ಡ ಪಂದ್ಯದಲ್ಲಿ ತಪ್ಪು ಮಾಡಿದರೆ ನೋಡುವವರು ಆತನನ್ನು ಏನು ಮಾಡುತ್ತಾರೆ ಎಂಬುದು ಇವತ್ತಿನ ವಿಷಯ.

2018ರ ಮೇ 26. ಉಕ್ರೇನಿನ ಕೀವ್ ನಗರದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಯುರೋಪಿನ ಕ್ಲಬ್‌ಗಳಿಗೆ ಇದಕ್ಕಿಂತ ದೊಡ್ಡ ಕಪ್ ಇಲ್ಲ. ಒಂದು ಕಡೆ ಸ್ಪೇನಿನ ರಿಯಲ್ ಮ್ಯಾಡ್ರಿಡ್, ಇನ್ನೊಂದು ಕಡೆ ಇಂಗ್ಲೆಂಡಿನ ಲಿವರ್‌ಪೂಲ್. ನಮ್ಮಲ್ಲಿ ಆಗ ಮಧ್ಯರಾತ್ರಿ ಕಳೆದಿತ್ತು. ಲಿವರ್‌ಪೂಲ್ ಗೋಲ್‌ಕೀಪರ್ ಲೋರಿಸ್ ಕರಿಯಸ್, ಜರ್ಮನಿಯವನು, 24 ವರ್ಷ.

ಅರ್ಧ ಆಟದವರೆಗೆ ಗೋಲಿಲ್ಲ. ಅಷ್ಟರಲ್ಲೇ ಲಿವರ್‌ಪೂಲಿನ ಮುಖ್ಯ ಆಟಗಾರ ಮೊಹಮ್ಮದ್ ಸಲಾ ಭುಜಕ್ಕೆ ಪೆಟ್ಟಾಗಿ ಅಳುತ್ತಾ ಹೊರಗೆ ಹೋಗಿದ್ದ. 51ನೇ ನಿಮಿಷದಲ್ಲಿ ಕರಿಯಸ್ ಚೆಂಡು ಹಿಡಿದು ತನ್ನವರಿಗೆ ಉರುಳಿಸಲು ಹೋದ. ಹತ್ತಿರವೇ ನಿಂತಿದ್ದ ಬೆಂಜೆಮಾ ಸುಮ್ಮನೆ ಕಾಲು ಚಾಚಿದ. ಚೆಂಡು ಆ ಕಾಲಿಗೆ ತಾಗಿ ನಿಧಾನವಾಗಿ ಗೋಲಿನೊಳಕ್ಕೆ ಉರುಳಿತು. ನಾಲ್ಕು ನಿಮಿಷದಲ್ಲಿ ಸಾಡಿಯೋ ಮಾನೆ ಗೋಲು ಹೊಡೆದು ಸಮ ಮಾಡಿದ. ಆಮೇಲೆ ಗರೆತ್ ಬೇಲ್ ಗಾಳಿಯಲ್ಲಿ ತಿರುಗಿ ತಲೆಯ ಮೇಲಿನಿಂದ ಒದ್ದ ಗೋಲು, ಅದನ್ನು ಯಾವ ಕೀಪರೂ ತಡೆಯಲಾರ. 83ನೇ ನಿಮಿಷದಲ್ಲಿ ಅದೇ ಬೇಲ್ ಬಹಳ ದೂರದಿಂದ ಜೋರಾಗಿ ಒದ್ದ. ಚೆಂಡು ನೇರ ಕರಿಯಸ್ ಕೈಗೆ ಬಂತು, ಕೈಯಿಂದ ಜಾರಿ ಒಳಗೆ ಹೋಯಿತು. 3-1.

ಸೀಟಿ ಊದಿದ ಮೇಲೆ ಆತ ಮುಖ ಅಡಿ ಮಾಡಿ ಬಿದ್ದುಕೊಂಡ. ಎದ್ದು, ಅಳುತ್ತಾ, ಲಿವರ್‌ಪೂಲ್ ಅಭಿಮಾನಿಗಳು ಕೂತಿದ್ದ ಕಡೆಗೆ ನಡೆದು ಹೋಗಿ ಎರಡೂ ಕೈ ಎತ್ತಿ ಕ್ಷಮೆ ಕೇಳಿದ.

ಇಷ್ಟು ಮೈದಾನದ ಕತೆ. ಉಳಿದದ್ದು ಫೋನಿನ ಕತೆ. ಬೆಳಗಾಗುವ ಹೊತ್ತಿಗೆ ಆತನಿಗೂ ಆತನ ಮನೆಯವರಿಗೂ ಸಾಯಿಸುತ್ತೇವೆ ಎಂಬ ಸಂದೇಶಗಳು ಬಂದಿದ್ದವು. ಮರ್ಸಿಸೈಡ್ ಪೊಲೀಸರು ಅದನ್ನು ಪರಿಶೀಲಿಸುತ್ತಿದ್ದೇವೆ ಎಂದು ಹೇಳಿಕೆ ಕೊಡಬೇಕಾಯಿತು. ತಮಾಷೆಯ ವಿಡಿಯೋಗಳು ಎಷ್ಟು ಬಂದವೋ ಲೆಕ್ಕವಿಲ್ಲ. ಫುಟ್‌ಬಾಲ್ ಗೊತ್ತಿಲ್ಲದ ನನ್ನ ಆಫೀಸಿನ ಸಹೋದ್ಯೋಗಿಗಳಿಗೂ ಸೋಮವಾರ ಆತನ ಹೆಸರು ಗೊತ್ತಿತ್ತು.

ಒಂದು ವಾರದ ನಂತರ ಇನ್ನೊಂದು ಸುದ್ದಿ ಬಂತು. ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಕರಿಯಸ್‌ನನ್ನು ಪರೀಕ್ಷೆ ಮಾಡಿ, ಪಂದ್ಯದ ವೇಳೆ ಆತನ ತಲೆಗೆ ಪೆಟ್ಟಾಗಿ ಮಿದುಳಿಗೆ ಆಘಾತವಾಗಿತ್ತು, ಅದರಿಂದ ವಸ್ತು ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂದು ಕಣ್ಣು ಅಳೆಯುವ ಶಕ್ತಿಗೆ ತೊಂದರೆ ಆಗಿರಬಹುದು ಎಂದರು. ಮೊದಲ ಗೋಲಿಗೆ ಕೆಲವೇ ನಿಮಿಷ ಮುಂಚೆ ಮ್ಯಾಡ್ರಿಡ್ ನಾಯಕ ರಾಮೋಸ್ ಮೊಣಕೈ ಆತನ ಮುಖಕ್ಕೆ ತಗುಲಿದ್ದು ಟಿವಿಯಲ್ಲಿ ಕಾಣುತ್ತದೆ. ಆಗ ಆಟ ನಿಲ್ಲಲಿಲ್ಲ.

ಈ ವರದಿ ಬಂದ ಮೇಲೆ ಜನ ಸುಮ್ಮನಾದರೇ? ಇಲ್ಲ. ನೆಪ ಹುಡುಕುತ್ತಿದ್ದಾನೆ ಎಂದು ಇನ್ನೂ ಜೋರಾಗಿ ನಕ್ಕರು. ರಾಮೋಸ್ ಕೂಡ ಅದನ್ನು ತಮಾಷೆ ಮಾಡಿದರು. ಜುಲೈನಲ್ಲಿ ಲಿವರ್‌ಪೂಲ್ ಆಡಿದ ಅಭ್ಯಾಸ ಪಂದ್ಯದಲ್ಲಿ ಚೆಂಡು ಮತ್ತೆ ಕೈ ಜಾರಿದಾಗ ಹಬ್ಬವೇ ಆಯಿತು. ಬೇರೆಯವರು ಸೋಲುವುದನ್ನು ನೋಡಿ ಸಂತೋಷ ಪಡುವವರ ಬಗ್ಗೆ ನನಗೆ ಮರುಕವಿದೆ ಎಂಬ ಅರ್ಥದಲ್ಲಿ ಕರಿಯಸ್ ಬರೆದುಕೊಂಡ. ಅದಕ್ಕೆ ಧೈರ್ಯ ಹೇಳಿ ಉತ್ತರ ಬರೆದವರಲ್ಲಿ ಸಲಾ ಒಬ್ಬ. ಆ ಫೈನಲ್ ಕಳೆದುಕೊಂಡ ದುಃಖ ಅವನಿಗಿಂತ ಹೆಚ್ಚು ಯಾರಿಗಿತ್ತು ಹೇಳಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ತಲೆಗೆ ಪೆಟ್ಟು ಬೀಳದೇ ಇದ್ದಿದ್ದರೂ ಆತ ಅದೇ ತಪ್ಪು ಮಾಡುತ್ತಿದ್ದನೇನೋ. ಯಾರೂ ಖಚಿತವಾಗಿ ಹೇಳಲಾರರು. ಡಾಕ್ಟರ ಚೀಟಿ ಇದ್ದವನನ್ನು ಬಿಡೋಣ, ಇಲ್ಲದವನನ್ನು ಬೈಯೋಣ ಎನ್ನುವುದಾದರೆ ನಾನು ಈ ಕತೆ ಹೇಳಬೇಕಾಗಿಯೇ ಇರಲಿಲ್ಲ.

ಗೋಲ್‌ಕೀಪರನ ಕೆಲಸವೇ ಹಾಗಿದೆ. ಮುಂದಿನ ಸಾಲಿನವನು ಖಾಲಿ ಗೋಲನ್ನು ತಪ್ಪಿಸಿದರೆ ಜನ ಅಯ್ಯೋ ಎಂದು ತಲೆ ಚಚ್ಚಿಕೊಂಡು ಮರೆಯುತ್ತಾರೆ. ಕೀಪರ್ ತಪ್ಪಿದರೆ ಸ್ಕೋರ್ ಬೋರ್ಡೇ ಬದಲಾಗುತ್ತದೆ. ಕಬಡ್ಡಿಯಲ್ಲಿ ರೈಡರ್ ಸಿಕ್ಕಿಬಿದ್ದರೆ ಒಂದು ಪಾಯಿಂಟು, ಸ್ವಲ್ಪ ಹೊತ್ತಿಗೆ ಮತ್ತೆ ಒಳಗೆ ಬರಬಹುದು. ಫುಟ್‌ಬಾಲಿನಲ್ಲಿ ಇಡೀ ಪಂದ್ಯಕ್ಕೆ ಒಂದೆರಡೇ ಗೋಲು. ಹಾಗಾಗಿ ಕೊನೆಗೆ ಚೆಂಡು ಯಾರ ಕೈ ಮುಟ್ಟಿತೋ ಆ ಕೈಯೇ ಎಲ್ಲರ ಕಣ್ಣಿಗೆ ಬೀಳುತ್ತದೆ.

ನನ್ನ ಕೆಲಸದಲ್ಲಿ ಇದಕ್ಕೆ ಬೇರೆ ಕ್ರಮ ಇದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದು ಲಕ್ಷಾಂತರ ಜನರ ವ್ಯವಹಾರ ನಿಂತಿತು ಎಂದುಕೊಳ್ಳಿ. ಸರಿ ಮಾಡಿದ ಮೇಲೆ ಒಂದು ವರದಿ ಬರೆಯುತ್ತೇವೆ. ಅದಕ್ಕೆ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಂ ಅಂತ ಹೆಸರು, ಯಾರ ತಲೆಗೂ ಕಟ್ಟದ ಮರಣೋತ್ತರ ಪರೀಕ್ಷೆ. ಏನಾಯಿತು, ಯಾವಾಗ ಗೊತ್ತಾಯಿತು, ತಡೆಯುವ ವ್ಯವಸ್ಥೆ ಯಾಕೆ ಇರಲಿಲ್ಲ, ಇಷ್ಟು ಬರೆಯುತ್ತೇವೆ. ಯಾರ ಬೆರಳು ಆ ಗುಂಡಿ ಒತ್ತಿತು ಎಂದು ಬರೆಯುವುದಿಲ್ಲ. ನಾವೇನು ದೊಡ್ಡ ಸಾಧು ಸಂತರಲ್ಲ. ಹೆಸರು ಬರೆದರೆ ಮುಂದಿನ ಸಲ ತಪ್ಪು ಮಾಡಿದವನು ಅದನ್ನು ಮುಚ್ಚಿಡುತ್ತಾನೆ, ಆಗ ಇನ್ನೂ ದೊಡ್ಡದು ಬೀಳುತ್ತದೆ. ಇದು ಶುದ್ಧ ಲೆಕ್ಕಾಚಾರ.

ಕೀವ್ ಪಂದ್ಯಕ್ಕೆ ಅಂಥ ವರದಿ ಬರೆದರೆ ಏನು ಬರುತ್ತಿತ್ತು? ತಲೆಗೆ ಪೆಟ್ಟು ಬಿದ್ದವನನ್ನು ಯಾರೂ ಪರೀಕ್ಷಿಸಲಿಲ್ಲ. ಬದಲಿ ಆಟಗಾರರ ಲೆಕ್ಕ ಬಿಟ್ಟು ಅಂಥವನನ್ನು ಬದಲಿಸುವ ನಿಯಮವೂ ಆಗ ಇರಲಿಲ್ಲ. ತಲೆಯ ಪೆಟ್ಟಿಗೆಂದೇ ಹೆಚ್ಚುವರಿ ಬದಲಿ ಆಟಗಾರನನ್ನು ಇಳಿಸುವ ಪ್ರಯೋಗ 2021ರಲ್ಲಿ ಶುರುವಾಗಿ 2024ರಲ್ಲಿ ಆಟದ ನಿಯಮಾವಳಿಗೆ ಸೇರಿತು. ಕರಿಯಸ್ ಒಬ್ಬನಿಂದ ಬಂದ ನಿಯಮ ಅದಲ್ಲ. ಆದರೆ ಕೆಲಸಕ್ಕೆ ಬಂದದ್ದು ಆ ಬಗೆಯ ಯೋಚನೆಯೇ, ಬೈಗುಳವಲ್ಲ.

ಇದು ಫೋನ್ ಬಂದ ಮೇಲೆ ಹುಟ್ಟಿದ ರೋಗ ಎಂದು ಹಿರಿಯರು ಹೇಳಬಹುದು. ಪೂರ್ತಿ ಒಪ್ಪಲಾರೆ. 1950ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತನ್ನದೇ ಮರಕಾನಾ ಮೈದಾನದಲ್ಲಿ ಉರುಗ್ವೆಗೆ 2-1ರಿಂದ ಸೋತಿತು. ಗೋಲ್‌ಕೀಪರ್ ಬಾರ್ಬೋಸಾ 2000ದಲ್ಲಿ ಸಾಯುವವರೆಗೂ ಆ ಎರಡನೇ ಗೋಲಿನ ಆರೋಪ ಹೊತ್ತುಕೊಂಡೇ ಬದುಕಿದ. ಬ್ರೆಜಿಲಿನಲ್ಲಿ ಅತಿ ದೊಡ್ಡ ಶಿಕ್ಷೆಯೇ 30 ವರ್ಷ, ನನ್ನದು ಇನ್ನೂ ಮುಗಿದಿಲ್ಲ ಎಂದು ಕೊನೆಗಾಲದಲ್ಲಿ ಆತ ನೊಂದು ಹೇಳಿಕೊಂಡಿದ್ದ. 1994ರಲ್ಲಿ ಕೊಲಂಬಿಯಾದ ಆಂಡ್ರೆಸ್ ಎಸ್ಕೋಬಾರ್ ಅಮೆರಿಕದ ವಿರುದ್ಧ ಚೆಂಡು ತಡೆಯಲು ಹೋಗಿ ತನ್ನದೇ ಗೋಲಿಗೆ ಹೊಡೆದ. ಹತ್ತು ದಿನದ ನಂತರ, ಜುಲೈ 2ರಂದು, ಮೆಡೆಲಿನ್ ನಗರದಲ್ಲಿ ಆತನನ್ನು ಗುಂಡಿಟ್ಟು ಕೊಂದರು. 27 ವರ್ಷ. ಆಗ ಯಾರ ಜೇಬಿನಲ್ಲೂ ವಾಟ್ಸಾಪ್ ಇರಲಿಲ್ಲ.

ಫೋನ್ ಮಾಡಿದ್ದು ಏನೆಂದರೆ ಬೈಗುಳವನ್ನು ನೇರ ಆ ಮನುಷ್ಯನ ಮಲಗುವ ಕೋಣೆಗೆ ತಲುಪಿಸಿತು, ಮತ್ತು ಅದಕ್ಕೆ ವಿಶ್ವಕಪ್ಪೇ ಬೇಕಾಗಿಲ್ಲ ಎಂದು ಮಾಡಿತು. 2022ರ ಏಷ್ಯಾ ಕಪ್ಪಿನಲ್ಲಿ ಪಾಕಿಸ್ತಾನದ ವಿರುದ್ಧ ಅರ್ಷ್‌ದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟ. ವಿಕಿಪೀಡಿಯಾದಲ್ಲಿ ಆತನ ಪುಟವನ್ನೇ ತಿದ್ದಿ ದೇಶದ್ರೋಹಿಯ ಹಾಗೆ ಮಾಡಿಟ್ಟರು. ಎರಡು ವರ್ಷದಲ್ಲಿ ಅದೇ ಹುಡುಗ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದ.

ಇನ್ನೂ ಹತ್ತಿರ ಬರುತ್ತೇನೆ. ಹೋಬಳಿ ಮಟ್ಟದ ವಾಲಿಬಾಲ್ ಫೈನಲ್. ಕೊನೆಯ ಸೆಟ್, ನಮ್ಮ ಶಾಲೆ 13, ಎದುರಿನವರು 14. ನಮ್ಮ ಹುಡುಗನ ಸರ್ವ್ ನೆಟ್ಟಿಗೆ ಹೋಯಿತು. ಯಾರೋ ಅದನ್ನು ಸ್ಲೋ ಮೋಷನ್ ಮಾಡಿ, ಸಿನಿಮಾ ಡೈಲಾಗ್ ಸೇರಿಸಿ ಸ್ಟೇಟಸ್ ಹಾಕಿದರು. ಬೆಂಗಳೂರಿನಲ್ಲಿ ಕೂತ ನನಗೆ ಒಂದೇ ಸಂಜೆ ಊರಿನ ಮೂರು ಗುಂಪುಗಳಿಂದ ಅದು ಬಂತು. ವಿಡಿಯೋ ಒಂಬತ್ತು ಸೆಕೆಂಡಿನದು. ಆ 13ರಲ್ಲಿ ಐದು ಪಾಯಿಂಟು ಅದೇ ಹುಡುಗನ ಸರ್ವ್‌ನಲ್ಲಿ ಬಂದದ್ದು ಎಂದು ಪಿ.ಟಿ. ಮೇಷ್ಟ್ರು ಆಮೇಲೆ ಫೋನಿನಲ್ಲಿ ಹೇಳಿದರು. ಅದರ ವಿಡಿಯೋ ಯಾರ ಹತ್ತಿರವೂ ಇಲ್ಲ. ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೇ ದಿನ ಮೇಷ್ಟ್ರು ಅವರ ಮನೆಗೆ ಹೋಗಿ, ಅವರಮ್ಮ ಕೊಟ್ಟ ಕಾಫಿ ಕುಡಿದು, ವಾಲಿಬಾಲ್ ಸುದ್ದಿಯನ್ನೇ ಎತ್ತದೆ, ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ಹುಡುಗ ಇಲ್ಲಿ ಕೂತಿರಬಹುದು, ಇಲ್ಲದಿರಬಹುದು. ದಯವಿಟ್ಟು ಯಾರೂ ಹಿಂದೆ ತಿರುಗಿ ನೋಡಬೇಡಿ.

ವಿಡಿಯೋ ಹಾಕಿದವರು ಕೆಟ್ಟವರು ಎಂದು ನಾನು ತಿಳಿದಿಲ್ಲ. ನಮ್ಮ ಊರಿನವರೇ, ಇದೇ ಶಾಲೆಯಲ್ಲಿ ಓದಿದವರೇ ಇರಬೇಕು. ಅರಳಿಕಟ್ಟೆಯಲ್ಲಿ ಕೂತು ಇದೇ ಮಾತು ಆಡಿದ್ದರೆ ಸಂಜೆಗೆ ಮರೆತು ಹೋಗುತ್ತಿತ್ತು. ಗುಂಪಿಗೆ ಹಾಕಿದ್ದು ಮರೆಯುವುದಿಲ್ಲ. ಊರಿನ ಗುಂಪುಗಳ ಅಡ್ಮಿನ್‌ಗಳು ಕೆಲವರು ಇಲ್ಲೇ ಇದ್ದೀರಿ. ಶಾಲೆಯ ಮಕ್ಕಳ ಮುಖ ಇರುವ ಇಂಥ ವಿಡಿಯೋ ಬಂದರೆ ಅಲ್ಲೇ ಅಳಿಸಿ, ಅದಕ್ಕೆ ಒಂದು ಬೆರಳು ಸಾಕು.

ಮೇಷ್ಟ್ರು ಮಾಡಿದಂಥ ಕೆಲಸವನ್ನು ಸಾವಿರಾರು ಜನ ಒಟ್ಟಿಗೆ ಮಾಡಿದ್ದೂ ಉಂಟು. 2021ರಲ್ಲಿ ಯುರೋ ಕಪ್ ಫೈನಲ್‌ನಲ್ಲಿ ಇಟಲಿ ಎದುರು ಇಂಗ್ಲೆಂಡಿನ ಕೊನೆಯ ಪೆನಾಲ್ಟಿ ಒದ್ದವನು ಬುಕಾಯೊ ಸಾಕಾ, 19 ವರ್ಷದ ಹುಡುಗ. ಕೀಪರ್ ತಡೆದ. ಸಾಕಾ, ರ‍್ಯಾಶ್‌ಫೋರ್ಡ್, ಸ್ಯಾಂಚೊ ಮೂವರೂ ಕಪ್ಪು ಬಣ್ಣದವರು, ಮೂವರ ಪೆನಾಲ್ಟಿಯೂ ವ್ಯರ್ಥವಾಗಿತ್ತು. ಆ ರಾತ್ರಿ ಬಂದ ಜನಾಂಗ ನಿಂದನೆಯನ್ನು ಇಲ್ಲಿ ಹೇಳಲು ಆಗುವುದಿಲ್ಲ. ಮ್ಯಾಂಚೆಸ್ಟರಿನಲ್ಲಿ ರ‍್ಯಾಶ್‌ಫೋರ್ಡ್ ಚಿತ್ರ ಇದ್ದ ಗೋಡೆಯನ್ನು ಯಾರೋ ಕೆಡಿಸಿದರು. ಮರುದಿನ ಸುತ್ತಮುತ್ತಲಿನ ಜನ, ಚಿಕ್ಕ ಮಕ್ಕಳೂ ಸೇರಿ, ಕಾಗದದ ಹೃದಯ ಕತ್ತರಿಸಿ, ಪತ್ರ ಬರೆದು ತಂದು ಆ ಗೋಡೆಗೆ ಅಂಟಿಸಿದರು. ಗೀಚಿದ್ದು ಕಾಣದಷ್ಟು. ಮುಂದಿನ ತಿಂಗಳು ಸಾಕಾ ಕಡು ವೈರಿ ಟಾಟೆನ್‌ಹ್ಯಾಮ್ ತಂಡದ ಮೈದಾನಕ್ಕೆ ಇಳಿದಾಗ ಆ ವೈರಿ ಅಭಿಮಾನಿಗಳೇ ಚಪ್ಪಾಳೆ ತಟ್ಟಿದರು. 2024ರ ಯುರೋ ಕಪ್ಪಿನಲ್ಲಿ ಸ್ವಿಟ್ಜರ್ಲೆಂಡ್ ಎದುರು ಮತ್ತೆ ಪೆನಾಲ್ಟಿ ಬಂದಾಗ ಸಾಕಾ ಒದ್ದ, ಗೋಲಾಯಿತು.

ಕರಿಯಸ್ ಏನಾದ ಎಂದು ಮಕ್ಕಳು ಕೇಳಬಹುದು. ಲಿವರ್‌ಪೂಲ್ ಅದೇ ಬೇಸಿಗೆಯಲ್ಲಿ ಅಲಿಸನ್ ಎಂಬ ಕೀಪರನನ್ನು ಭಾರಿ ಬೆಲೆಗೆ ತಂದು ಮರುವರ್ಷವೇ ಆ ಕಪ್ ಗೆದ್ದಿತು. ಕರಿಯಸ್ ಟರ್ಕಿಗೆ ಹೋದ, ಬರ್ಲಿನ್ನಿಗೆ ಹೋದ, ಬಹಳ ದಿನ ಬೆಂಚಿನ ಮೇಲೇ ಕೂತ. 2023ರ ಫೆಬ್ರವರಿ 26ರಂದು ಲಂಡನ್ನಿನ ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲ್. ನ್ಯೂಕಾಸಲ್ ತಂಡದ ಮೊದಲ ಕೀಪರ್ ನಿಷೇಧದಲ್ಲಿದ್ದ, ಇನ್ನೊಬ್ಬ ನಿಯಮದ ಪ್ರಕಾರ ಆಡುವಂತಿರಲಿಲ್ಲ. ಸುಮಾರು ಎರಡು ವರ್ಷ ಒಂದೂ ಅಧಿಕೃತ ಪಂದ್ಯ ಆಡದ ಕರಿಯಸ್‌ಗೆ ಗ್ಲೌಸ್ ಕೊಟ್ಟರು. ತಂಡ 2-0ಯಿಂದ ಸೋತಿತು. ಆದರೆ ಆತ ಒಂದರ ಮೇಲೊಂದು ಒಳ್ಳೆಯ ಚೆಂಡು ತಡೆದ. ನಾನು ಆ ಪಂದ್ಯ ಪೂರ್ತಿ ನೋಡಿದೆ. 2025ರಲ್ಲಿ ಆತ ಜರ್ಮನಿಗೆ ಮರಳಿ ಶಾಲ್ಕೆ ತಂಡಕ್ಕೆ ಸೇರಿದ. ಅಲ್ಲಿಯೂ ಗೋಲ್‌ಕೀಪರ್ ಆಗಿಯೇ.