ನೋವನ್ನು ಸರಕು ಮಾಡಿದವರು

(ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಎಂಟು ತಾಸು ಯಂತ್ರದ ಮುಂದೆ ನಿಂತವರಿಗೆ ಸೊಂಟನೋವು ಎಂದರೇನೆಂದು ನಾವು ಹೇಳಿಕೊಡಬೇಕಾಗಿಲ್ಲ. ಮೂಟೆ ಹೊತ್ತ ಹೆಗಲಿಗೂ ಅದು ಗೊತ್ತು, ದಿನವಿಡೀ ಅಂಗಡಿಯಲ್ಲಿ ಕೂತ ಬೆನ್ನಿಗೂ ಗೊತ್ತು. ನೋವಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ಆದ್ದರಿಂದ ದುಡಿಯುವವರು ಗುಳಿಗೆ ನುಂಗುವುದು ಸುಖಕ್ಕಲ್ಲ, ನಾಳೆಯ ಪಾಳಿಗಾಗಿ. ನಾವು ಇಂದು ಹೇಳಹೊರಟಿರುವ ಅಮೆರಿಕದ ಕಥೆ ಶುರುವಾಗುವುದೂ ಇಲ್ಲಿಂದಲೇ.

ನೋವಿನ ಗುಳಿಗೆಗಳೆಲ್ಲ ಒಂದೇ ಅಲ್ಲ. ಜ್ವರಕ್ಕೆ, ತಲೆನೋವಿಗೆ ತೆಗೆದುಕೊಳ್ಳುವ ಪ್ಯಾರಾಸಿಟಮಾಲಿನ ಜಾತಿ ಬೇರೆ. ಅಫೀಮಿನಿಂದ ಬಂದ, ಇಲ್ಲವೆ ಅಫೀಮಿನ ಗುಣವನ್ನೇ ಹೊತ್ತು ಕಾರ್ಖಾನೆಯಲ್ಲಿ ತಯಾರಾದ ಜಾತಿ ಬೇರೆ. ಮಾರ್ಫೀನ್, ಆಕ್ಸಿಕೋಡೋನ್, ಟ್ರಮಡಾಲ್, ಫೆಂಟನಿಲ್ ಇವೆಲ್ಲ ಈ ಎರಡನೆಯ ಜಾತಿಯವು. ಇವು ಮಿದುಳಿಗೇ ಹೋಗಿ ನೋವಿನ ಸುದ್ದಿಯನ್ನು ತಡೆಯುತ್ತವೆ. ಎಡೆಬಿಡದೆ ನುಂಗುತ್ತ ಹೋದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದು ಗುಳಿಗೆಗೆ ತಗ್ಗುತ್ತಿದ್ದ ನೋವಿಗೆ ಎರಡು ಬೇಕಾಗುತ್ತವೆ. ಥಟ್ಟನೆ ಬಿಟ್ಟರೆ ಬೆವರು, ಭೇದಿ, ಮೈಕೈ ಸೆಳೆತ, ನಿದ್ದೆಯಿಲ್ಲದ ರಾತ್ರಿ. ಆಗ ಮನುಷ್ಯ ನೋವಿಗಾಗಿ ನುಂಗುವುದಿಲ್ಲ, ಈ ಸಂಕಟಕ್ಕೆ ಹೆದರಿ ನುಂಗುತ್ತಾನೆ. ಉಸಿರಾಟವನ್ನು ನಡೆಸುವ ಮಿದುಳಿನ ಭಾಗವನ್ನೂ ಈ ಮದ್ದು ಮಂಕುಗೊಳಿಸುತ್ತದೆ. ಪ್ರಮಾಣ ಮೀರಿದರೆ ಉಸಿರು ನಿಧಾನವಾಗಿ ನಿದ್ದೆಯಲ್ಲೇ ನಿಂತುಹೋಗಬಹುದು. ಹೆಂಡವೋ ನಿದ್ದೆಯ ಗುಳಿಗೆಯೋ ಜೊತೆಗೆ ಸೇರಿದರೆ ಅಪಾಯ ಇನ್ನೂ ಬೇಗ.

ಇದು ಹೊಸ ಸುದ್ದಿಯೇನಲ್ಲ; ವೈದ್ಯರಿಗೆ ನೂರು ವರ್ಷಕ್ಕೂ ಮೇಲಿನಿಂದ ತಿಳಿದದ್ದು. ತಿಳಿದದ್ದನ್ನು ಮರೆಸಿದವರು ಯಾರು? 1996ರಲ್ಲಿ ಸ್ಯಾಕ್ಲರ್ ಮನೆತನದ ಒಡೆತನದ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕೋಡೋನನ್ನು ಆಕ್ಸಿಕಾಂಟಿನ್ ಎಂಬ ಹೆಸರಿನಲ್ಲಿ ಪೇಟೆಗೆ ತಂದಿತು. ಹನ್ನೆರಡು ತಾಸು ನಿಧಾನವಾಗಿ ಕರಗುವ ಗುಳಿಗೆಯಾದ್ದರಿಂದ ಚಟದ ಭಯ ಕಡಿಮೆ ಎಂದು ಪ್ರಚಾರವಾಯಿತು. ಅರೆದರೆ ಹನ್ನೆರಡು ತಾಸಿನ ಮದ್ದೂ ಒಂದೇ ಸಲಕ್ಕೆ ಮೈಗಿಳಿಯುತ್ತಿತ್ತು. ಚಟ ಹತ್ತುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಎಂದು ಮಾರಾಟದ ಪ್ರತಿನಿಧಿಗಳು ವೈದ್ಯರಿಗೆ ಹೇಳಿದರು. 1980ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದ್ದ ಐದೇ ವಾಕ್ಯಗಳ ಕಾಗದವೊಂದನ್ನು ಇಂಥ ಮಾತಿಗೆ ಮತ್ತೆ ಮತ್ತೆ ಆಧಾರ ಮಾಡಿಕೊಂಡರು. ಆ ಕಾಗದ ಹೇಳಿದ್ದು ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳ ವಿಷಯ. ಗುಳಿಗೆಯನ್ನು ಮನೆಗೊಯ್ದು ತಿಂಗಳುಗಟ್ಟಲೆ ನುಂಗಿದವರ ವಿಷಯವಲ್ಲ.

ವ್ಯಾಪಾರಿ ಬಂಧುಗಳೆ, ಲೆಕ್ಕ ನಿಮಗೆ ಚೆನ್ನಾಗಿ ತಿಳಿಯುತ್ತದೆ. 1996ರಲ್ಲಿ ಆ ಗುಳಿಗೆಯ ಮಾರಾಟ 4 ಕೋಟಿ 80 ಲಕ್ಷ ಡಾಲರ್. 2000ದಲ್ಲಿ ಅದು ಸುಮಾರು 110 ಕೋಟಿ. 2001ರಲ್ಲಿ ಮಾರಾಟದ ಪ್ರತಿನಿಧಿಗಳಿಗೆ ಹಂಚಿದ ಬೋನಸ್ಸೇ 4 ಕೋಟಿ ಡಾಲರ್. ಬೋನಸ್ಸಿಗಾಗಿ ಗಿರಣಿಯ ಬಾಗಿಲಲ್ಲಿ ಕೂಗಿದವರು ಈ ಅಂಕಿಯನ್ನು ನೆನಪಿಡಿ.

ಈ ಬಗೆಯ ಗುಳಿಗೆಗಳು ಹೆಚ್ಚಾಗಿ ಹರಿದ ಕಡೆಗಳಲ್ಲಿ ಪಶ್ಚಿಮ ವರ್ಜೀನಿಯ, ಕೆಂಟಕಿಯ ಕಲ್ಲಿದ್ದಲ ಸೀಮೆಯೂ ಒಂದು. ಗಣಿಯಲ್ಲಿ ಬೆನ್ನು ಮುರಿದುಕೊಂಡವರ, ಗಣಿ ಮುಚ್ಚಿ ಕೆಲಸ ಕಳೆದುಕೊಂಡವರ ಸೀಮೆ. ಅಲ್ಲಿನ ಕರ್ಮಿಟ್ ಎಂಬ ಊರಿನ ಜನಸಂಖ್ಯೆ ಸುಮಾರು 400. ಆ ಊರಿನ ಒಂದೇ ಔಷಧದಂಗಡಿಗೆ ಎರಡು ವರ್ಷಗಳಲ್ಲಿ ಸಗಟು ಕಂಪನಿಗಳು ಕಳಿಸಿದ್ದು ಇದೇ ಜಾತಿಯ ಹೈಡ್ರೋಕೋಡೋನಿನ ಸುಮಾರು 90 ಲಕ್ಷ ಗುಳಿಗೆ! ಇಷ್ಟು ಗುಳಿಗೆ ಯಾರ ಹೊಟ್ಟೆಗೆ ಹೋದೀತೆಂದು ಕಳಿಸಿದವರು ಕೇಳಲಿಲ್ಲವೆ?

2007ರಲ್ಲಿ ಪರ್ಡ್ಯೂ ಸಂಸ್ಥೆಯ ಒಂದು ಅಂಗ ಚಟದ ಅಪಾಯದ ವಿಷಯದಲ್ಲಿ ದಾರಿ ತಪ್ಪಿಸಿದ್ದನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ದಂಡ ಮತ್ತು ಪರಿಹಾರ 63 ಕೋಟಿ ಡಾಲರಿಗೂ ಮೇಲೆ. ತಪ್ಪೊಪ್ಪಿಕೊಂಡ ಮೂವರು ಹಿರಿಯ ಅಧಿಕಾರಿಗಳಲ್ಲಿ ಒಬ್ಬನೂ ಜೈಲಿಗೆ ಹೋಗಲಿಲ್ಲ, ವ್ಯಾಪಾರವೂ ನಿಲ್ಲಲಿಲ್ಲ. 2020ರಲ್ಲಿ ಕಂಪನಿ ಮತ್ತೆ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಗುಳಿಗೆ ಸಿಗದಾದವರು ಹೆರಾಯಿನ್‌ಗೆ, ಅಲ್ಲಿಂದ ಕಳ್ಳಪೇಟೆಯ ಫೆಂಟನಿಲ್‌ಗೆ ತಿರುಗಿದ್ದರು. 1999ರಿಂದ 2023ರ ವರೆಗೆ ಈ ಜಾತಿಯ ಮದ್ದುಗಳು ಪ್ರಮಾಣ ಮೀರಿ ಆ ದೇಶದಲ್ಲಿ ಸತ್ತವರು 8 ಲಕ್ಷಕ್ಕೂ ಹೆಚ್ಚು. ಚೀಟಿ ಬರೆಸಿಕೊಂಡು ಚಟಕ್ಕೆ ಬಿದ್ದವನನ್ನು ಲೋಕ ಚಟಗಾರನೆಂದು ಹಳಿಯಿತು. ಚಟವನ್ನು ಮಾರಿದವರ ಹೆಸರು ವಸ್ತುಸಂಗ್ರಹಾಲಯಗಳ ಗೋಡೆಗಳ ಮೇಲೆ ದಾನಿಗಳ ಹೆಸರಾಗಿ ಬಹುಕಾಲ ಮೆರೆಯಿತು.

ಹಾಗಾದರೆ ಈ ಮದ್ದನ್ನೇ ನಿಷೇಧಿಸಬೇಕೆ? ಖಂಡಿತ ಬೇಡ. ಸರಕಾರದ ಪರವಾನಗಿಯ ಮೇಲೆ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕ ವಸ್ತು ಕಾನೂನಿನ ಬಿಗಿಗೆ ಹೆದರಿ ಆಸ್ಪತ್ರೆಗಳು ಮಾರ್ಫೀನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರಿನ ಬಡ ರೋಗಿ ನರಳುತ್ತಲೇ ಸಾಯಬೇಕಾಯಿತು. 2014ರಲ್ಲಿ ಕಾನೂನನ್ನು ತಿದ್ದಿದರೂ ಎಲ್ಲ ಊರುಗಳಿಗೂ ಆ ಮದ್ದು ಮುಟ್ಟಿಲ್ಲ. ಲಾಭ ಕಂಡ ಕಡೆ ಮದ್ದಿನ ಹೊಳೆ. ಲಾಭವಿಲ್ಲದ ಕಡೆ ಒಂದು ಹನಿಯೂ ಇಲ್ಲ. ನಮ್ಮ ಜಗಳ ಮದ್ದಿನೊಡನೆ ಅಲ್ಲ, ಮದ್ದು ಯಾರಿಗೆ ಎಷ್ಟು ಎಂಬುದನ್ನು ಲಾಭವೇ ತೀರ್ಮಾನಿಸುವ ಪದ್ಧತಿಯೊಡನೆ.

ಟ್ರಮಡಾಲನ್ನು 2018ರಲ್ಲಿ ಭಾರತ ಸರಕಾರ ಮಾದಕ ವಸ್ತುಗಳ ಕಾನೂನಿಗೆ ಒಳಪಡಿಸಿತು. ಕಾನೂನು ಕಾಗದದಲ್ಲಿದ್ದರೆ ಸಾಲದು. ಔಷಧದಂಗಡಿಯ ಬಂಧುಗಳು ಚೀಟಿಯಿಲ್ಲದೆ ಇಂಥ ಗುಳಿಗೆ ಕೊಡಬಾರದು. ಪರಿಚಯದವರು ಕೇಳಿದರೂ ಕೊಡಬಾರದು. ಸಂಗಾತಿಗಳೆ, ಇದು ಯಾವ ಜಾತಿಯ ಗುಳಿಗೆ, ಎಷ್ಟು ದಿನ ಎಂದು ವೈದ್ಯರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು. ಒಬ್ಬರ ಗುಳಿಗೆಯನ್ನು ಇನ್ನೊಬ್ಬರು ನುಂಗಬೇಡಿ. ಹೆಂಡದ ಜೊತೆ ಎಂದಿಗೂ ಬೇಡ. ಈಗಾಗಲೇ ಒಗ್ಗಿಹೋಗಿದ್ದರೆ ಒಮ್ಮೆಗೇ ಬಿಡದೆ, ವೈದ್ಯರ ಕಣ್ಣಳತೆಯಲ್ಲಿ ಕ್ರಮವಾಗಿ ಇಳಿಸಿ. ಕೆಲವು ದಿನ ಬಿಟ್ಟವರು ಮತ್ತೆ ಹಳೆಯ ಪ್ರಮಾಣವನ್ನೇ ನುಂಗಿದರೆ ಜೀವಕ್ಕೇ ಅಪಾಯ. ಯಾರಾದರೂ ಎಬ್ಬಿಸಿದರೂ ಏಳದೆ, ತುಟಿ ನೀಲಿಯಾಗಿ ಉಸಿರು ಕುಗ್ಗಿದ್ದರೆ ಮಲಗಲಿ ಎಂದು ಬಿಡಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ವೇಳೆಗೆ ಸಿಕ್ಕರೆ ನಲಾಕ್ಸೋನ್ ಎಂಬ ಮದ್ದು ಉಸಿರನ್ನು ಮರಳಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಚಟದ ಚಿಕಿತ್ಸೆಗೆಂದೇ ವಿಭಾಗವಿದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.

ಕೊನೆಯದಾಗಿ ಒಂದು ಮಾತು. ಮುರಿದ ಸೊಂಟಕ್ಕೆ ಬೇಕಾದದ್ದು ವಿಶ್ರಾಂತಿ, ಸಂಬಳದೊಡನೆ ರಜೆ, ಬೆನ್ನು ಮುರಿಯದಂಥ ಕೆಲಸದ ಏರ್ಪಾಡು. ಅದನ್ನು ಕೊಡದೆ ಗುಳಿಗೆ ಕೊಟ್ಟು ಮತ್ತೆ ಪಾಳಿಗೆ ನಿಲ್ಲಿಸುವುದು ಚಿಕಿತ್ಸೆಯಲ್ಲ. ಈ ಬೇಡಿಕೆಗಳನ್ನು ಸಂಘದ ಮುಂದಿನ ಬೇಡಿಕೆಪಟ್ಟಿಯಲ್ಲಿ ಸೇರಿಸಬೇಕೆಂದು ಕೋರಿ ನಮ್ಮ ಮಾತನ್ನು ಮುಗಿಸುತ್ತೇವೆ.