ಶಾಸ್ತ್ರಬರಹವೂ ದೀರ್ಘಸೂತ್ರತೆಯೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಾಸ್ತ್ರವನ್ನು ಓದಿದವರು ನಮ್ಮಲ್ಲಿ ಅನೇಕರುಂಟು. ಓದಿದುದನ್ನು ಬರೆದು ಮುಗಿಸಿದವರು ವಿರಳ. ಕಾರಣವನ್ನು ವಿಚಾರಿಸಿದರೆ, "ಇನ್ನೊಂದು ಪ್ರತಿಯನ್ನು ನೋಡಬೇಕಾಗಿದೆ" ಎಂಬ ಉತ್ತರವೇ ಬರುವುದು. ಈ ಉತ್ತರವು ಸುಳ್ಳಲ್ಲ, ಆದುದರಿಂದಲೇ ಅಪಾಯಕರವಾದುದು. ಸೋಮಾರಿಯನ್ನು ಗದರಿಸಿ ಕೂರಿಸಬಹುದು. ಹಗಲಿರುಳು ದುಡಿಯುತ್ತ, ಬರೆದುದನ್ನೇ ತಿದ್ದುತ್ತ, ಒಂದು ಹಾಳೆಯನ್ನೂ ಅಚ್ಚಿಗೆ ಕೊಡದಿರುವ ವಿದ್ವಾಂಸನನ್ನು ಗದರಿಸುವವರಾರು? ಅವನ ದೀರ್ಘಸೂತ್ರತೆಯು ನಿಷ್ಠೆಯ ವೇಷವನ್ನು ತೊಟ್ಟಿರುವುದು.

ಈ ವೇಷದೊಳಗೆ ಎರಡು ಭಯಗಳಿರುವುವು. ಶರಣರ ವಾಣಿಗೆ ನನ್ನಿಂದ ಅಪಚಾರವಾದೀತೆಂಬುದು ಒಂದು. ಪಂಡಿತರ ನಡುವೆ ನನ್ನ ಹೆಸರಿಗೆ ಕುಂದು ಬಂದೀತೆಂಬುದು ಇನ್ನೊಂದು. ಮೊದಲನೆಯದು ಭಕ್ತಿ, ಎರಡನೆಯದು ಅಹಂಕಾರ. ಇವುಗಳನ್ನು ಬೇರ್ಪಡಿಸುವುದು ಅಷ್ಟು ಕಷ್ಟವಲ್ಲ. ಬರಹವು ಅರ್ಧವಾಗಿರುವಾಗಲೇ ಅದನ್ನು ತನಗಿಂತ ಕಿರಿಯನಾದವನಿಗೆ ಓದಲು ಕೊಡುವನೋ ಎಂಬುದನ್ನು ನೋಡಬೇಕು. ಕೊಟ್ಟರೆ ಭಕ್ತಿ. ಪೆಟ್ಟಿಗೆಯಲ್ಲಿಟ್ಟು ಬೀಗಹಾಕಿದರೆ ಹೇಳತಕ್ಕದ್ದೇನು?

ಹಾಗೆಂದು ಅವಸರವನ್ನು ನಾನು ಹೊಗಳುವುದಿಲ್ಲ. ಬಸವಣ್ಣನವರ ಅಂಕಿತವು ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ನಡುವಣ ಎರಡಕ್ಷರಗಳಿರಬಹುದಾದ ಎಡೆಯಲ್ಲಿ ಓಲೆಯನ್ನು ಹುಳು ತಿಂದಿದ್ದರೆ ವಚನವು ಯಾರದೆಂಬುದೇ ಸಂದೇಹಕ್ಕೊಳಗಾಗುವುದು. ಇಂಥಲ್ಲಿ ಊಹೆಯಿಂದ ತುಂಬಿ ಮುಂದೆ ಹೋಗುವವನು ಅಪರಾಧಿಯೇ ಸರಿ. ಆದರೆ ಆ ಎರಡಕ್ಷರಗಳಿಗಾಗಿ ಉಳಿದ ನೂರು ವಚನಗಳನ್ನೂ ತಡೆದಿಡುವವನು? ಕಂಡಷ್ಟನ್ನು ಕಂಡಂತೆ ಬರೆದು, ತ್ರುಟಿತವಾದ ಎಡೆಯನ್ನು ಗುರುತಿಸಿ, ಸಂದೇಹವನ್ನು ಅಂಚಿನಲ್ಲಿ ಸೂಚಿಸಿ ಮುಂದಿನ ಓಲೆಯನ್ನು ತೆಗೆಯಬೇಕು. ಸಂದೇಹವನ್ನು ಸಂದೇಹವೆಂದು ಬರೆಯುವುದೂ ಪಾಂಡಿತ್ಯವೇ. ತಪ್ಪಿದ್ದಲ್ಲಿ ಬಲ್ಲವರು ತಿದ್ದಿಕೊಳ್ಳಬೇಕೆಂದು ಪ್ರತಿಯ ಕೊನೆಯಲ್ಲಿ ಬೇಡಿಕೊಳ್ಳುವ ಪದ್ಧತಿಯು ನಮ್ಮ ಹಿಂದಿನ ಲಿಪಿಕಾರರಲ್ಲಿದ್ದಿತು. ಹಾಗೆ ಬೇಡಿ, ಅವರು ಕಬ್ಬಿಣದ ಕಂಟವನ್ನು ಕೆಳಗಿಟ್ಟರು.

ಶೂನ್ಯಸಂಪಾದನೆಯನ್ನೇ ನೋಡಿರಿ. ಅದನ್ನು ಮೊದಲು ಸಂಕಲಿಸಿದವನು 15ನೆಯ ಶತಮಾನದ ಶಿವಗಣಪ್ರಸಾದಿ ಮಹದೇವಯ್ಯ. ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ, ಹೀಗೆ ಮೂವರು ಅದನ್ನು ಪರಿಷ್ಕರಿಸಿದರು. ಸಿದ್ಧರಾಮಯ್ಯನ ದೀಕ್ಷೆಯಂತಹ ಮುಖ್ಯ ವಿಷಯದಲ್ಲಿಯೂ ಈ ಪರಿಷ್ಕರಣಗಳ ನಿಲುವು ಒಂದೇ ಅಲ್ಲ. ಮುಂದೆ ಬರತಕ್ಕ ಆಕ್ಷೇಪಗಳಿಗೆಲ್ಲ ಸಮಾಧಾನವು ಹೊಳೆಯುವವರೆಗೆ ಮಹದೇವಯ್ಯನು ಕಾದಿದ್ದರೆ, ಉಳಿದವರಿಗೆ ತಿದ್ದುವುದಕ್ಕಾದರೂ ಏನಿರುತ್ತಿತ್ತು?

ನಮಗೆ ಹತ್ತಿರದವರು ಫ. ಗು. ಹಳಕಟ್ಟಿಯವರು (1880–1964). ವಿಜಾಪುರದಲ್ಲಿ ವಕೀಲಿಯನ್ನು ಮಾಡಿಕೊಂಡಿದ್ದ ಅವರು ಓಲೆಕಟ್ಟುಗಳನ್ನು ಅರಸಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಮನೆಯನ್ನೂ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅವರ ತ್ಯಾಗವನ್ನು ಎಲ್ಲರೂ ಕೊಂಡಾಡುವರು. ನಾನು ಮೆಚ್ಚುವುದು ಪತ್ರಿಕೆಯ ಯುಕ್ತಿಯನ್ನು. ಪತ್ರಿಕೆಯು ಗೊತ್ತಾದ ಕಾಲಕ್ಕೆ ಹೊರಡಬೇಕು. ಬರೆಯುವವನ ಮನಸ್ಸು ಹಣ್ಣಾಗುವವರೆಗೆ ಅದು ಕಾಯದು. ಅವರ ಪಾಠಗಳನ್ನು ಮುಂದಿನವರು ಅನೇಕ ಕಡೆ ತಿದ್ದಿರುವರು. 1993ರಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಪ್ರಕಟಿಸಿದಾಗ, ಹಿಂದಿನವರು ಅಚ್ಚುಮಾಡಿ ಇಟ್ಟುದು ಕೈಯಲ್ಲಿದ್ದುದರಿಂದಲೇ ಹೋಲಿಸಿ ನೋಡುವುದು ಸಾಧ್ಯವಾಯಿತು.

ಈಗ ಓಲೆಗಳ ಛಾಯಾಚಿತ್ರಗಳು ಕ್ಷಣಮಾತ್ರದಲ್ಲಿ ದೂರದೂರದಿಂದ ಬರುತ್ತಿವೆ. ಇದರಿಂದ ಕೆಲಸವು ಬೇಗನೆ ಮುಗಿಯಬೇಕಾಗಿತ್ತು. ಆದರೆ "ಇನ್ನೊಂದು ಪ್ರತಿ"ಗೆ ಕೊನೆಯೇ ಇಲ್ಲದಂತಾಗಿದೆ!

ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ. ಬರೆಯುವ ಹೊತ್ತು ಬೇರೆ, ತಿದ್ದುವ ಹೊತ್ತು ಬೇರೆಯಾಗಿರಲಿ. ಬೆಳಗಿನ ಲಿಂಗಪೂಜೆಯಾದೊಡನೆ ಒಂದು ಪುಟವನ್ನು ಬರೆಯಿರಿ. ಅದು ಕೆಟ್ಟದಾಗಿದ್ದರೂ ಸಂಜೆಯವರೆಗೆ ಮುಟ್ಟಬೇಡಿರಿ. ಪೀಠಿಕೆಯನ್ನು ಕಡೆಗೆ ಬರೆಯಿರಿ. ಪೀಠಿಕೆಯಲ್ಲಿಯೇ ಮುಳುಗಿಹೋದ ಗ್ರಂಥಗಳು ಬಹಳ.

ನಮ್ಮ ಮಠದ ಓಲೆಕಟ್ಟುಗಳ ವಿವರಣಾತ್ಮಕ ಪಟ್ಟಿಯು ಇನ್ನೂ ಪೂರ್ಣವಾಗಿಲ್ಲ. ಹಳೆಯ ಅಕ್ಷರವನ್ನು ಎಡವದೆ ಓದಬಲ್ಲ ಹಿರಿಯರಿಬ್ಬರು ಈ ಸಭೆಯಲ್ಲಿ ಕುಳಿತಿರುವರು. ಇಬ್ಬರ ಕಣ್ಣುಗಳೂ ಮಂದವಾಗುತ್ತಿವೆ. ನಾಳೆಯ ದಾಸೋಹವಾದ ಮೇಲೆ ಭಂಡಾರದ ಬಾಗಿಲನ್ನು ತೆರೆಯಲು ಶ್ರೀಗಳವರ ಅಪ್ಪಣೆಯಾಗಿದೆ. ಬರೆದುಕೊಳ್ಳುವವರು ಹಾಳೆಗಳನ್ನು ತಂದುಕೊಂಡು ಬರಬೇಕು.